ಹಾಯಿದೋಣಿಯ ತೂಬು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯ ನಾವು ಕೆರೆಯ ತೂಬನ್ನೂ ಅದನ್ನು ತೆಗೆದು ಮುಚ್ಚುವ ನೀರುಗಂಟಿಯನ್ನೂ ಬಲ್ಲೆವು. ಕಡಲಿನ ಹಾಯಿದೋಣಿಗೂ ಇಂತಹ ತೂಬುಗಳುಂಟೆಂದರೆ ವಾಚಕರಿಗೆ ಅಚ್ಚರಿಯಾದೀತು. ನೌಕಾಪಡೆಯ ಆರು ಮಂದಿ ಮಹಿಳೆಯರು 2017ನೆಯ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟು, ಭೂಪ್ರದಕ್ಷಿಣೆಯನ್ನು ಮಾಡಿ, 2018ನೆಯ ಮೇ ತಿಂಗಳಲ್ಲಿ ಹಿಂದಿರುಗಿದ ‘ತಾರಿಣಿ’ಯು ಸುಮಾರು 17 ಮೀಟರು ಉದ್ದದ ಹಾಯಿದೋಣಿ. ಈ ಬಗೆಯ ದೋಣಿಗಳ ಒಡಲಿನಲ್ಲಿ, ಯಂತ್ರವನ್ನು ತಣಿಸಲು ಕಡಲನೀರನ್ನು ಒಳಕ್ಕೆ ತರುವ ರಂಧ್ರವೂ, ಪಾತ್ರೆ ತೊಳೆಯುವ ತೊಟ್ಟಿಯ ನೀರನ್ನು ಹೊರಕ್ಕೆ ಬಿಡುವ ರಂಧ್ರವೂ ಇರುವುವು. ಒಂದೊಂದಕ್ಕೂ ತಿರುಗಿಸಿ ಮುಚ್ಚುವ ಪಿಡಿಯುಂಟು.

ಗಾಳಿಯ ಒತ್ತಡದಿಂದ ದೋಣಿಯು ಒಂದು ಮಗ್ಗುಲಿಗೆ ವಾಲಿದಾಗ, ಆ ಕಡೆಯ ತೊಟ್ಟಿಯು ಕಡಲಿನ ಮಟ್ಟಕ್ಕಿಂತ ಕೆಳಗಿಳಿಯಬಹುದು. ಆಗ ನೀರು ಹೊರಹೋಗುವ ದಾರಿಯಿಂದಲೇ ಒಳನುಗ್ಗುವುದು. ಎದುರು ಮಗ್ಗುಲಿನ ರಂಧ್ರವಾದರೋ ಮೇಲೆದ್ದು ನೀರಿಗೆ ಬದಲು ಗಾಳಿಯನ್ನು ಹೀರೀತು. ಆದುದರಿಂದ ಹಾಯಿಯ ಬಲದಿಂದಲೇ ಸಾಗುವಾಗ ಬೇಡದ ತೂಬುಗಳನ್ನು ಮುಚ್ಚುವುದು ಕ್ರಮ.

ಆದರೆ ಮುಚ್ಚಿದುದನ್ನು ಮರೆಯುವುದೂ ಅಪಾಯವೇ. ತೂಬನ್ನು ತೆರೆಯದೆ ಯಂತ್ರವನ್ನು ನಡೆಯಿಸಿದರೆ, ನೀರಿಲ್ಲದೆ ಪಂಪಿನ ರಬ್ಬರುಚಕ್ರವು ಹಾಳಾಗಿ ಯಂತ್ರವು ಕಾದು ಕೆಡುವುದು. ಇದಕ್ಕೆ ಬಲ್ಲವರು ಕಂಡುಕೊಂಡ ಉಪಾಯ ಸುಲಭವಾದುದು: ತೂಬನ್ನು ಮುಚ್ಚಿದೊಡನೆ ಯಂತ್ರದ ಬೀಗದಕೈಯನ್ನು ಅದರ ಪಿಡಿಗೇ ತೂಗಹಾಕುವರು. ತೂಬು ಮುರಿದರೆ ಬಡಿದು ಬಿಗಿಯಲು, ಪಕ್ಕದಲ್ಲಿಯೇ ಮೆದುಮರದ ಬೆಣೆಯೊಂದನ್ನು ಕಟ್ಟಿರುವರು.

ನೀರುಗಂಟಿಯು ಮರೆತರೆ ಒಂದು ಬೆಳೆ ಹೋದೀತು. ಕಡಲಿನಲ್ಲಿ ಮರೆತವರಿಗೆ ಓಡಿ ನಿಲ್ಲಲು ಏರಿಯೂ ಇಲ್ಲ.