ಹಂತಕನ ಹೆಸರಿಗೆ ಬಿದ್ದ ಕತ್ತರಿ

2007ರ ಏಪ್ರಿಲ್ 16ರ ಬೆಳಿಗ್ಗೆ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಹಾಸ್ಟೆಲಿನಲ್ಲಿ ಇಬ್ಬರನ್ನು ಕೊಂದು ಅಂಚೆ ಕಚೇರಿಗೆ ಹೋದ. ಎನ್‌ಬಿಸಿ ಸುದ್ದಿ ವಾಹಿನಿಗೆ ಒಂದು ಪೊಟ್ಟಣ ಕಳಿಸಿದ. ಮರಳಿ ಬಂದು ತರಗತಿಗಳಿಗೆ ನುಗ್ಗಿ ಇನ್ನೂ 30 ಜನರನ್ನು ಕೊಂದ. ಪೊಟ್ಟಣದಲ್ಲಿದ್ದದ್ದು ಬಂದೂಕು ಹಿಡಿದ ಅವನದೇ ಫೋಟೊ, ವಿಡಿಯೊಗಳು. ಎರಡು ದಿನಗಳ ನಂತರ ವಾಹಿನಿ ಅವನ್ನು ಪ್ರಸಾರ ಮಾಡಿತು. ಮಕ್ಕಳನ್ನು ಕಳೆದುಕೊಂಡವರಲ್ಲಿ ಕೆಲವರು ಆ ವಾಹಿನಿಗೆ ಸಂದರ್ಶನ ಕೊಡಲು ಒಪ್ಪಲಿಲ್ಲ.

ಆ ಹಂತಕ 1999ರ ಕೊಲಂಬೈನ್ ಶಾಲೆಯ ಇಬ್ಬರು ಕೊಲೆಗಾರರನ್ನು ಹುತಾತ್ಮರೆಂದು ಕರೆದಿದ್ದ. ಕೊಲಂಬೈನ್ ಹತ್ಯಾಕಾಂಡ ನಡೆದಾಗ ದೂರು ಬಿದ್ದದ್ದು 'ಡೂಮ್' ವಿಡಿಯೊ ಗೇಮ್ ಮೇಲೆ, ಮರಿಲಿನ್ ಮ್ಯಾನ್ಸನ್ ಹಾಡುಗಳ ಮೇಲೆ. ಅದೇ ವರ್ಷದ ಡಿಸೆಂಬರಿನಲ್ಲಿ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಆ ಇಬ್ಬರು ಹುಡುಗರ ಚಿತ್ರ ಬಂತು. ಸಿನಿಮಾ, ಗೇಮ್‌ಗಳಿಗೆ ಇದರಲ್ಲಿ ಪಾತ್ರವೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಮುಂದಿನ ಹಂತಕರು ಆರಾಧಿಸಿದ್ದು ಕತೆಯ ಪಾತ್ರಗಳನ್ನಲ್ಲ, ಸುದ್ದಿಯಲ್ಲಿ ಕಂಡ ಆ ಮುಖಗಳನ್ನು.

2012ರ ಜುಲೈ 20ರಂದು ಕೊಲೊರಾಡೊದ ಅರೋರಾದಲ್ಲಿ ಬ್ಯಾಟ್‌ಮನ್ ಚಿತ್ರದ ಮಧ್ಯರಾತ್ರಿ ಪ್ರದರ್ಶನದಲ್ಲಿ 12 ಜನ ಸತ್ತರು. ಕೊಲೆಗಾರ ಬ್ಯಾಟ್‌ಮನ್ ಕತೆಗಳ ಖಳ ಜೋಕರ್‌ನನ್ನು ಅನುಕರಿಸಿದ ಎಂಬ ಮಾತು ಲೋಕವೆಲ್ಲ ಹಬ್ಬಿತು. ಜೋಕರ್‌ನ ಕೂದಲು ಹಸಿರು, ಇವನು ಬಳಿದುಕೊಂಡದ್ದು ಕೆಂಪುಮಿಶ್ರಿತ ಕಿತ್ತಳೆ. ಅಷ್ಟನ್ನು ಗಮನಿಸುವ ತಾಳ್ಮೆಯೂ ಯಾರಿಗೂ ಇರಲಿಲ್ಲ.

ಅಲ್ಲಿ ಗೆಳತಿಗೆ ಅಡ್ಡ ನಿಂತು ಪ್ರಾಣ ಬಿಟ್ಟ 24ರ ಯುವಕನ ತಂದೆತಾಯಿ, ಟಾಮ್ ಮತ್ತು ಕ್ಯಾರನ್ ಟೀವ್ಸ್, ಟಿವಿ ಹಚ್ಚಿದಾಗಲೆಲ್ಲ ಕೊಂದವನ ಮುಖವನ್ನೇ ನೋಡಬೇಕಾಯಿತು. ಅವರು 'ನೋ ನೊಟೊರೈಟಿ' ಅಭಿಯಾನ ಕಟ್ಟಿದರು. ಹಂತಕ ಪೊಲೀಸರಿಗೆ ಸಿಗದೆ ಓಡಾಡುತ್ತಿದ್ದರೆ ಹೆಸರು, ಚಿತ್ರ ಬೇಕೇ ಬೇಕು. ಸಿಕ್ಕಿಬಿದ್ದ ಮೇಲೂ ದಿನವಿಡೀ ಏಕೆ ತೋರಿಸುತ್ತೀರಿ ಎಂಬುದು ಅವರ ಪ್ರಶ್ನೆ. ಸುದ್ದಿಮನೆಗಳು ಮೊದಲು ಮುಖ ಸಿಂಡರಿಸಿದವು: ಜನರಿಗೆ ತಿಳಿಯುವ ಹಕ್ಕಿಲ್ಲವೇ? ಆ ಹಕ್ಕನ್ನು ನಾನೂ ಒಪ್ಪುತ್ತೇನೆ. ಆದರೆ ಒಮ್ಮೆ ತಿಳಿಸುವುದು ಬೇರೆ, ಮೆರೆಸುವುದು ಬೇರೆ.

2015ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಶೆರಿ ಟವರ್ಸ್ ತಂಡ ಅಂಕಿಅಂಶಗಳನ್ನು ಮುಂದಿಟ್ಟಿತು. ಒಂದು ಸಾಮೂಹಿಕ ಹತ್ಯೆಯ ನಂತರ ಸುಮಾರು 13 ದಿನ ಇನ್ನೊಂದರ ಸಂಭವ ಹೆಚ್ಚಿರುತ್ತದೆ ಎಂಬುದು ಅವರ ಲೆಕ್ಕ. ಇದಕ್ಕೆ ಸುದ್ದಿಯೊಂದೇ ಕಾರಣವೆಂದು ಆ ಲೆಕ್ಕ ಸಾಬೀತು ಮಾಡುವುದಿಲ್ಲ. ಅನುಮಾನವನ್ನು ಮಾತ್ರ ಗಟ್ಟಿ ಮಾಡುತ್ತದೆ.

ಸರ್ಕಾರದ ಮಟ್ಟಕ್ಕೆ ಈ ಮಾತು ಏರಿದ್ದು 2019ರ ಮಾರ್ಚಿನಲ್ಲಿ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಜನರ ಹತ್ಯೆಯಾದ ಬಳಿಕ ಪ್ರಧಾನಿ ಜಸಿಂಡಾ ಆರ್ಡರ್ನ್, ಕೊಂದವನ ಹೆಸರನ್ನು ತಾನೆಂದೂ ಹೇಳುವುದಿಲ್ಲವೆಂದು ಸಂಸತ್ತಿನಲ್ಲಿ ಘೋಷಿಸಿದರು. ಮೇ 1ರಂದು ಅಲ್ಲಿನ ಐದು ಪ್ರಮುಖ ಸುದ್ದಿಸಂಸ್ಥೆಗಳು, ವಿಚಾರಣೆಯ ವರದಿಯಲ್ಲಿ ಅವನ ದ್ವೇಷದ ಸಿದ್ಧಾಂತಕ್ಕೆ ವೇದಿಕೆ ಕೊಡುವುದಿಲ್ಲವೆಂದು ಒಪ್ಪಂದ ಮಾಡಿಕೊಂಡವು. ಪೈಪೋಟಿಯಲ್ಲೇ ಬದುಕುವ ಪತ್ರಕರ್ತರು ಹೀಗೆ ಒಂದಾದದ್ದು ನನಗೆ ದೊಡ್ಡ ಸಂಗತಿ.

ಆದರೆ ಆ ಹಂತಕ ಯಾವ ಸಂಪಾದಕನನ್ನೂ ಕಾದಿರಲಿಲ್ಲ. ಹತ್ಯೆಯನ್ನು ಫೇಸ್‌ಬುಕ್‌ನಲ್ಲಿ ತಾನೇ ನೇರ ಪ್ರಸಾರ ಮಾಡಿದ್ದ. ಮೊದಲ 24 ಗಂಟೆಗಳಲ್ಲಿ ಕಂಪನಿ 15 ಲಕ್ಷ ಪ್ರತಿಗಳನ್ನು ಅಳಿಸಬೇಕಾಯಿತು. 2022ರ ಮೇ ತಿಂಗಳಲ್ಲಿ ಅಮೆರಿಕದ ಬಫಲೋದಲ್ಲಿ 10 ಜನರನ್ನು ಕೊಂದ ಯುವಕನಿಗೆ ಅವನೇ ಮಾದರಿ. ಇವನೂ ಹತ್ಯೆಯನ್ನು ನೇರ ಪ್ರಸಾರ ಮಾಡಿದ. ಅದನ್ನು ಟ್ವಿಚ್ ಜಾಲತಾಣ ಎರಡೇ ನಿಮಿಷದೊಳಗೆ ಕಡಿದು ಹಾಕಿತು. ಅಷ್ಟರಲ್ಲಿ ನೋಡುತ್ತಿದ್ದವರು ಪ್ರತಿ ಮಾಡಿಕೊಂಡಾಗಿತ್ತು.