ಕೆಕ್ಕನಹಳ್ಳ ಗೇಟು ಹಾಕುವ ಹೊತ್ತು ನಿಮ್ಮ ವೆಬ್‌ಸೈಟಿಗೂ ಗೊತ್ತಿರಲಿ

ಮೈಸೂರು, ಊಟಿ, ಕೇರಳದ ದಾರಿಗಳು ಕೂಡುವ ಊರು ಗೂಡಲೂರು. ಇಲ್ಲಿ ಹೋಮ್‌ಸ್ಟೇ ನಡೆಸುವವರಿಗೆ ಮೈಸೂರು ಕಡೆಯಿಂದ ಬರುವ ಫೋನುಗಳಲ್ಲಿ ಬಾಡಿಗೆಗಿಂತ ಮೊದಲು ಕೇಳುವುದು ದಾರಿಯ ವಿಷಯ. "ಸಾರ್, ಕಾಡಿನ ಗೇಟು ಎಷ್ಟೊತ್ತಿಗೆ ಹಾಕ್ತಾರೆ? ಇ-ಪಾಸ್ ಬೇಕಾ?"

ಕೆಕ್ಕನಹಳ್ಳ ಗೇಟು ಇರುವ ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ 2009ರಿಂದಲೂ ಇದೆ. ಇದನ್ನು ಒಮ್ಮೆ ಬರೆದಿಟ್ಟರೆ ಸಾಕು. ಇ-ಪಾಸ್ ಹಾಗಲ್ಲ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಂದು, ಗೂಡಲೂರು ಇರುವ ನೀಲಗಿರಿ ಜಿಲ್ಲೆಗೆ ಬರುವ ಪ್ರವಾಸಿ ವಾಹನಗಳಿಗೆ ಅದು ಜಾರಿಗೆ ಬಂತು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿಯೂ ಸೇರಿತು. ಹೀಗೆ ಬದಲಾಗುವ ಸಂಗತಿಗೆ ಸೈಟ್ ಮಾಡಿಕೊಟ್ಟ ಹುಡುಗನ ಫೋನಿಗಾಗಿ ಕಾಯುತ್ತ ಕೂತರೆ ಸೀಸನ್ನೇ ಮುಗಿದಿರುತ್ತದೆ. ತಿದ್ದುವ ಕೆಲಸ ಮಾಲೀಕರೇ ಕಲಿಯಬೇಕು.

ಕಷ್ಟವೇನಿಲ್ಲ. ಸೈಟು ವರ್ಡ್‌ಪ್ರೆಸ್‌ನಲ್ಲಿದ್ದರೆ ಲಾಗಿನ್ ಆಗಿ 'ಪೇಜಸ್' ಒತ್ತಿ, ಬೇಕಾದ ಪುಟದ 'ಎಡಿಟ್' ತೆರೆದು, ಸಾಲು ತಿದ್ದಿ, ಉಳಿಸುವ ಗುಂಡಿ ಒತ್ತಿದರೆ ಆಯಿತು. ತಿದ್ದಿದ್ದು ಕಾಣದಿದ್ದರೆ ಗಾಬರಿಯಾಗಬೇಡಿ: ಬ್ರೌಸರ್ ಅಥವಾ ಸೈಟಿನ 'ಕ್ಯಾಶೆ' ಹಳೆಯ ಪ್ರತಿಯನ್ನೇ ತೋರಿಸುತ್ತಿರುತ್ತದೆ, ಅದನ್ನು ಅಳಿಸಿ ನೋಡಿ. ದಾರಿಯ ಮಾಹಿತಿಗೆ ಒಂದೇ ಪುಟವಿರಲಿ, ಅದರ ಮೇಲ್ಭಾಗದಲ್ಲೇ ತಿದ್ದಿದ ದಿನಾಂಕವಿರಲಿ. ಅದೇ ಸಂಗತಿಯನ್ನು ನಾಲ್ಕು ಕಡೆ ಬರೆದವರು ಮೂರು ಕಡೆ ತಿದ್ದಿ ನಾಲ್ಕನೆಯದನ್ನು ಮರೆಯುತ್ತಾರೆ. ಇ-ಪಾಸ್ ನಿಯಮವನ್ನು ಪೂರ್ತಿ ನಕಲು ಮಾಡುವುದಕ್ಕಿಂತ ಸರ್ಕಾರದ ಪುಟಕ್ಕೆ ಲಿಂಕ್ ಕೊಡುವುದು ಲೇಸು.

ಗಿರಾಕಿಗಳು ಮೈಸೂರು, ಚಾಮರಾಜನಗರದವರಾದರೆ ಕನ್ನಡದ ಪುಟವೂ ಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಓದುಗರಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಯೂನಿಕೋಡ್‌ನಲ್ಲೇ ಬರೆಯಿರಿ, ಮೊಬೈಲಿನ ಕನ್ನಡ ಕೀಬೋರ್ಡು ಸಾಕು. ಬಾಡಿಗೆ, ಫೋನ್ ನಂಬರುಗಳನ್ನು ಚಿತ್ರದೊಳಗೆ ಕೂರಿಸಬೇಡಿ. ಚಿತ್ರದ ನಂಬರನ್ನು ಒತ್ತಿ ಕರೆ ಮಾಡಲಾಗದು, ಬೆಲೆ ಬದಲಾದಾಗ ಮತ್ತೆ ಡಿಸೈನರ್ ಹತ್ತಿರ ಓಡಬೇಕು. ಮೊಬೈಲಿನಲ್ಲಿ ತೆಗೆದ ಫೋಟೋವನ್ನು 1,200 ಪಿಕ್ಸೆಲ್ ಅಗಲಕ್ಕೆ ಇಳಿಸಿ ಹಾಕಿ. ಮುದುಮಲೈ ಕಾಡಿನ ನಡುವೆ ಸಿಗ್ನಲ್ ಹುಡುಕುತ್ತ ಬರುವವರಿಗೆ ಅದೇ ದೊಡ್ಡ ಉಪಕಾರ.

ಸಹಾಯಕರಿಗೆ 'ಎಡಿಟರ್' ಲಾಗಿನ್ ಮಾತ್ರ ಕೊಡಿ, 'ಅಡ್ಮಿನಿಸ್ಟ್ರೇಟರ್' ನಿಮ್ಮಲ್ಲೇ ಇರಲಿ. ಬಾಡಿಗೆಯನ್ನು ಗೂಗಲ್ ಮ್ಯಾಪ್ಸ್‌ನಲ್ಲೂ ಹಾಕಿದ್ದರೆ ಅದೇ ದಿನ ಅಲ್ಲೂ ತಿದ್ದಿ. ಎರಡು ಕಡೆ ಎರಡು ದರ ಕಂಡ ಗಿರಾಕಿ ಕಡಿಮೆಯದನ್ನೇ ಹಿಡಿದು ಜಗಳಕ್ಕೆ ನಿಲ್ಲುತ್ತಾನೆ, ಅವನದು ತಪ್ಪೂ ಅಲ್ಲ.

ಇಷ್ಟಕ್ಕೂ ಮೊದಲು ನೋಡಬೇಕಾದದ್ದು ಡೊಮೇನ್ ಹೆಸರು ಯಾರ ಖಾತೆಯಲ್ಲಿದೆ ಎಂದು. ಸೈಟ್ ಮಾಡಿಕೊಟ್ಟವರ ಖಾತೆಯಲ್ಲಿದ್ದರೆ ನವೀಕರಣದ ನೋಟಿಸು ಅವರ ಇಮೇಲಿಗೆ ಹೋಗುತ್ತದೆ. ಅವರು ಗಮನಿಸದೆ ಅವಧಿ ಮುಗಿದರೆ ಸೈಟು ನಿಲ್ಲುತ್ತದೆ, ಹೆಸರು ಬೇರೆಯವರ ಪಾಲೂ ಆಗಬಹುದು. ಈಗಲೇ ನಿಮ್ಮ ಖಾತೆಗೆ ವರ್ಗಾಯಿಸಿಕೊಂಡು ಆಟೋ-ರಿನ್ಯೂ ಹಾಕಿ.