ತಾತನ ಖಾಲಿ ಕೈ

ಕಾಲೇಜಿನಲ್ಲಿ ‘ನಾನೂಕ್ ಆಫ್ ದಿ ನಾರ್ತ್’ (1922) ಸಾಕ್ಷ್ಯಚಿತ್ರ ತೋರಿಸಿದರು. ಕೆನಡಾದ ಹಿಮನಾಡಿನ ಇನುಯಿಟ್ ಬೇಟೆಗಾರ ಗ್ರಾಮೊಫೋನ್ ತಟ್ಟೆಯನ್ನು ಕಚ್ಚಿ ನೋಡಿದಾಗ ಎಲ್ಲರೂ ನಕ್ಕೆವು.

‘ಅದು ನಟನೆ’ ಎಂದರು ಮೇಡಂ. ಆತನ ನಿಜ ಹೆಸರು ಅಲ್ಲಾಕರಿಯಲ್ಲಾಕ್. ಗ್ರಾಮೊಫೋನ್ ಆತನಿಗೆ ಗೊತ್ತಿತ್ತು. ಆ ಜನ ಬಂದೂಕು ಬಳಸುತ್ತಿದ್ದರೂ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಗೆ ಈಟಿಯೇ ಬೇಕಿತ್ತು. ಹಣ ಹಾಕಿದ್ದು ತುಪ್ಪಳ ವ್ಯಾಪಾರದ ಫ್ರೆಂಚ್ ಕಂಪನಿ, ರೆವಿಯೋನ್ ಫ್ರೇರ್. ಹಾಗಾಗಿಯೋ ಏನೋ, ತೆರೆಯ ಮೇಲೆ ವ್ಯಾಪಾರ ನಗುನಗುತ್ತಾ ನಡೆಯುತ್ತದೆ. ಕಷ್ಟವೆಲ್ಲ ಹಿಮದಿಂದಲೇ ಬರುತ್ತದೆ.

ನನಗೆ ನಗು ನಿಂತಿತು. ಕಳೆದ ವರ್ಷ ನಾಗರಹೊಳೆ ಅಂಚಿನ ಹಾಡಿಯೊಂದರಲ್ಲಿ, ‘ತಾತ, ಮೊಬೈಲ್ ಪಕ್ಕಕ್ಕಿಡಿ, ಫೋಟೊ ಚೆನ್ನಾಗಿ ಬರುತ್ತೆ’ ಎಂದಿದ್ದೆ. ಆ ಫೋಟೊಗೆ ಕಾಲೇಜಿನಲ್ಲಿ ಬಹುಮಾನವೂ ಬಂತು.

ರಾತ್ರಿ ಅದನ್ನು ಮತ್ತೆ ತೆಗೆದು ನೋಡಿದೆ. ತಾತನ ಕೈ ಖಾಲಿಯಿತ್ತು. ಖಾಲಿ ಮಾಡಿಸಿದವನು ನಾನೇ.